ಗಾಲಿಕುರ್ಚಿ: ದಾನದ ವಸ್ತುವೇ, ಉದ್ಯಮದ ಸರಕೇ?

ಅಂಗವಿಕಲ ಮಕ್ಕಳ ಶಿಕ್ಷಣವೆಂದೊಡನೆ ವಾಣಿಜ್ಯ ವಲಯಕ್ಕೆ ನೆನಪಾಗುವುದು ದಾನ. ಸಮಾರಂಭ ಏರ್ಪಡಿಸಿ ಗಾಲಿಕುರ್ಚಿ ವಿತರಿಸುವ ಸಂಪ್ರದಾಯ ಅನೇಕ ಊರುಗಳಲ್ಲಿದೆ. ಈ ಔದಾರ್ಯ ಶ್ಲಾಘನೀಯ. ಆದರೆ ದೊಡ್ಡವರ ಅಳತೆಯ ಕುರ್ಚಿಯಲ್ಲಿ ಕುಳಿತ ಎಂಟು ವರ್ಷದ ಬಾಲಕಿಯ ಕೈ ಚಕ್ರವನ್ನು ಸರಿಯಾಗಿ ತಲುಪದು. ತರಗತಿಗಾಗಲಿ, ಶೌಚಾಲಯಕ್ಕಾಗಲಿ ಆಕೆಯನ್ನು ತಳ್ಳಿಕೊಂಡು ಹೋಗಲು ಇನ್ನೊಬ್ಬರು ಬೇಕು. ಬೇರಿಂಗ್ ಸವೆದು ದುರಸ್ತಿ ಮಾಡುವವರಿಲ್ಲದಿದ್ದರೆ ಕುರ್ಚಿ ಮೂಲೆ ಸೇರುತ್ತದೆ; ಮಗು ಮನೆ ಸೇರುತ್ತದೆ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 17ನೇ ಪ್ರಕರಣವು, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸುವ ಹೊಣೆಯನ್ನು ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರಗಳಿಗೆ ವಹಿಸಿದೆ. ಇಲ್ಲಿ 'ಸೂಕ್ತ' ಎಂಬ ಪದವೇ ಮುಖ್ಯ. 1972ರಲ್ಲಿ ಸ್ಥಾಪನೆಯಾದ ಕಾನ್ಪುರದ ಅಲಿಮ್ಕೋ ಸಂಸ್ಥೆ ದೊಡ್ಡ ಪ್ರಮಾಣದಲ್ಲಿ ಸಾಧನಗಳನ್ನು ತಯಾರಿಸುತ್ತಿದೆ. ಆದರೆ ಬೆಳೆಯುವ ಮಗುವಿನ ಅಳತೆಗೆ ಕುರ್ಚಿಯನ್ನು ಮತ್ತೆ ಮತ್ತೆ ಹೊಂದಿಸಲು ಹತ್ತಿರದ ಲೇತ್ ಮತ್ತು ಬೆಸುಗೆಯ ಕಾರ್ಯಾಗಾರವೇ ಬೇಕು.

ಇದು ಸಣ್ಣ ಉದ್ಯಮಿಗಳ ಕೈಗೆ ಮೀರಿದ ಕೆಲಸವಲ್ಲ. ಗಾಲಿಕುರ್ಚಿ ಒಳಸೇರುವಂತೆ ಅಂಚು ಕತ್ತರಿಸಿದ ಮೇಜು, ಬೆರಳು ಬಿಗಿಯಾದವರಿಗೆ ದಪ್ಪ ಹಿಡಿಕೆಯ ಪೆನ್ಸಿಲ್, ತಪ್ಪು ಕೀಲಿ ಒತ್ತದಂತೆ ಕೀಲಿಮಣೆಯ ಮೇಲಿಡುವ ರಂಧ್ರಫಲಕ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು: ಇವೆಲ್ಲ ಮರ, ಪ್ಲಾಸ್ಟಿಕ್, ಉಕ್ಕಿನ ಸಾಧಾರಣ ಕೆಲಸಗಳು. 1968ರಲ್ಲಿ ರೂಪುಗೊಂಡ ಜೈಪುರ ಪಾದದ ಹಿಂದೆ ವೈದ್ಯ ಡಾ. ಪಿ. ಕೆ. ಸೇಠಿಯವರಷ್ಟೇ ಅಲ್ಲ, ಕುಶಲಕರ್ಮಿ ರಾಮಚಂದ್ರ ಶರ್ಮರೂ ಇದ್ದರೆಂಬುದು ಸ್ಮರಣೀಯ.

ತೆರಿಗೆಯ ಲೆಕ್ಕವನ್ನೂ ಗಮನಿಸಬೇಕು. 2017ರ ಜುಲೈ 1ರಂದು ಗಾಲಿಕುರ್ಚಿಗೆ ಶೇ. 5ರ ಜಿಎಸ್‌ಟಿ ನಿಗದಿಯಾದಾಗ 'ಅಂಗವಿಕಲರಿಗೂ ತೆರಿಗೆಯೇ?' ಎಂಬ ಆಕ್ಷೇಪ ಎದ್ದಿತು. ಭಾವನೆ ಸಹಜವೇ. ಆದರೆ ಸಂಪೂರ್ಣ ವಿನಾಯಿತಿಯಿದ್ದರೆ ಉಕ್ಕಿನ ಕೊಳವೆಗೆ ಕಟ್ಟಿದ ಶೇ. 18ರ ತೆರಿಗೆ ತಯಾರಕನ ವೆಚ್ಚಕ್ಕೆ ಸೇರುತ್ತದೆ; ಆಮದು ಸರಕು ಮಾತ್ರ ಆ ಹೊರೆಯಿಲ್ಲದೆ ಬರುತ್ತದೆ. ಶೇ. 5ರ ದರವಿರುವುದರಿಂದ, ಸಿಜಿಎಸ್‌ಟಿ ಕಾಯ್ದೆಯ 54(3)ನೇ ಪ್ರಕರಣದನ್ವಯ ಬಾಕಿ ಉಳಿದ ಹೂಡುವಳಿ ತೆರಿಗೆಯ ಮರುಪಾವತಿ ಕೋರಬಹುದು. ಎರಡು ವರ್ಷಗಳ ಗಡುವನ್ನು ಮರೆಯಬಾರದು. ಯಂತ್ರೋಪಕರಣ ಹಾಗೂ ಸೇವೆಗಳ ಮೇಲಿನ ತೆರಿಗೆ ಈ ಮರುಪಾವತಿಗೆ ಸೇರದೆಂಬ ನಿಲುವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವೇ ಇಲ್ಲ.

ಬೇಡಿಕೆ ಚದುರಿದೆ, ಪ್ರತಿ ಮಗುವಿನ ಅಗತ್ಯ ಬೇರೆ, ಲಾಭಾಂಶ ಕಡಿಮೆ ಎಂಬ ಮಾತು ಅಸತ್ಯವೇನಲ್ಲ. ಆದುದರಿಂದಲೇ ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ ಮುಂದಾಗುವುದು ಲೇಸು. ಕಂಪನಿ ಕಾಯ್ದೆ, 2013ರ 135ನೇ ಪ್ರಕರಣಕ್ಕೆ ಒಳಪಡುವ ಕಂಪನಿಗಳು ವಿಶೇಷ ಶಿಕ್ಷಣಕ್ಕೆ ಹಣ ವ್ಯಯಿಸಬಹುದು. ಆ ಹಣದಲ್ಲಿ ಖರೀದಿಯ ಜೊತೆಗೆ ಮೂರು ವರ್ಷಗಳ ನಿರ್ವಹಣೆಯ ಒಪ್ಪಂದವೂ ಸೇರಿದರೆ ಸ್ಥಳೀಯ ಕಾರ್ಯಾಗಾರಕ್ಕೆ ಸ್ಥಿರ ಆದಾಯ, ಮಗುವಿಗೆ ನಿರಂತರ ಶಾಲೆ.

ವಿತರಿಸಿದ ಕುರ್ಚಿಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಮುದ್ರಿಸುವುದು ಸುಲಭ. ಮರುವರ್ಷವೂ ಎಷ್ಟು ಕುರ್ಚಿಗಳು ಓಡುತ್ತಿವೆ, ಎಷ್ಟು ಮಕ್ಕಳು ಅನ್ಯರ ನೆರವಿಲ್ಲದೆ ತರಗತಿ ಸೇರುತ್ತಿದ್ದಾರೆ ಎಂಬುದೇ ನಿಜವಾದ ಲೆಕ್ಕಪರಿಶೋಧನೆ.