ಟೆಸ್ಟೇ ಮಾಡದಿದ್ದರೆ ಲ್ಯಾಬಿನ ಇಲಿ ಆರೋಗ್ಯವಾಗಿದೆ ಎಂದರ್ಥವೇ?

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಾಗ ದೇಶವೇ ಎರಡು ಪಾಳಯವಾಯಿತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಹೆಸರು ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಅದೇ ಕಾಯ್ದೆಗೆ ನಾಲ್ಕನೇ ಅಧ್ಯಾಯ ಅಂತ ಒಂದಿದೆ. ಪ್ರಯೋಗಕ್ಕೆ ಬಳಸುವ ಪ್ರಾಣಿಗಳ ಬಗ್ಗೆ ಇರುವ ಅಧ್ಯಾಯ ಅದು. ಅಲ್ಲಿನ 20ನೇ ಸೆಕ್ಷನ್ ಪ್ರಕಾರ, ಸರ್ಕಾರದ ಸಮಿತಿಯ ಆದೇಶವನ್ನು ಮೀರಿದ ಸಂಸ್ಥೆಯ ಮುಖ್ಯಸ್ಥರಿಗೆ ವಿಧಿಸಬಹುದಾದ ಗರಿಷ್ಠ ದಂಡ 200 ರೂಪಾಯಿ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಇದಕ್ಕಿಂತ ಹೆಚ್ಚು ಕಟ್ಟಬೇಕು.

ಆ ಅಧ್ಯಾಯದ ಅಡಿ ಬರುವ ಪ್ರಾಣಿಗಳಲ್ಲಿ ಇಲಿಗಳದ್ದೇ ದೊಡ್ಡ ಸಂಖ್ಯೆ. ಪ್ರಾಣಿ ಪ್ರಯೋಗ ಬೇಕೋ ಬೇಡವೋ ಎಂಬ ದೊಡ್ಡ ಜಗಳವನ್ನು ಸದ್ಯ ಪಕ್ಕಕ್ಕಿಡೋಣ. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣ ಪ್ರಶ್ನೆ: ಲ್ಯಾಬಿನ ಇಲಿಗೆ ರೋಗ ಇದೆಯೋ ಇಲ್ಲವೋ ಎಂದು ಯಾರು, ಹೇಗೆ ನೋಡುತ್ತಾರೆ? ಆ ರಿಪೋರ್ಟ್ ಯಾರ ಕೈಗೆ ಸಿಗುತ್ತದೆ?

ಹಳೆಯ ವಿಧಾನ ಹೀಗಿದೆ. ಸಾವಿರಾರು ಇಲಿಗಳಿರುವ ಕಡೆ ಎಲ್ಲವನ್ನೂ ಪರೀಕ್ಷಿಸಲು ಆಗದು. ಹಾಗಾಗಿ ಪ್ರತಿ ರ‍್ಯಾಕ್‌ನಲ್ಲಿ ಒಂದು ಪಂಜರವನ್ನು ಮೀಸಲಿಟ್ಟು, ಎರಡು ಮೂರು ಆರೋಗ್ಯವಂತ ಇಲಿಗಳನ್ನು ಕಾವಲಿಗೆ ಬಿಡುತ್ತಾರೆ. ಪಂಜರ ಬದಲಿಸುವಾಗಲೆಲ್ಲ ಉಳಿದ ಪಂಜರಗಳ ಕೊಳಕು ಹಾಸನ್ನು, ಅಂದರೆ ಹಿಕ್ಕೆ ಮತ್ತು ಮೂತ್ರ ಬೆರೆತ ಹೊಟ್ಟನ್ನು, ಒಂದೊಂದು ಚಮಚ ತಂದು ಈ ಪಂಜರಕ್ಕೆ ಸುರಿಯುತ್ತಾರೆ. ಬೇರೆಯವರ ರೋಗ ಇವಕ್ಕೆ ಅಂಟಲಿ ಎಂಬುದೇ ಉದ್ದೇಶ. ಸುಮಾರು ಮೂರು ತಿಂಗಳಾದ ಮೇಲೆ ಅವುಗಳನ್ನು ಕೊಂದು, ರಕ್ತ ತೆಗೆದು, ಕರುಳು ಸೀಳಿ ಹುಳು ಇದೆಯಾ ನೋಡಿ, ರಿಪೋರ್ಟ್ ಬರೆಯುತ್ತಾರೆ. ಅವುಗಳ ಜಾಗಕ್ಕೆ ಹೊಸ ಕಾವಲು ಇಲಿಗಳು ಬರುತ್ತವೆ.

ಇಷ್ಟು ಜೀವ ತೆಗೆದೂ ವಿಧಾನ ಪಕ್ಕಾ ಅಲ್ಲ. ಇಲಿಗಳ ಹೆಪಟೈಟಿಸ್ ವೈರಸ್ (ಇದೂ ಒಂದು ಕೊರೊನಾವೈರಸ್ಸೇ) ಕೊಳಕು ಹಾಸಿನ ಮೂಲಕ ಚೆನ್ನಾಗಿ ಹರಡುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ. ಆದರೆ ಉಸಿರಿನ ಮೂಲಕ ಹರಡುವ ಸೆಂಡಾಯ್ ವೈರಸ್ ಅಷ್ಟು ಸುಲಭವಾಗಿ ಹಾಸಿನಲ್ಲಿ ದಾಟುವುದಿಲ್ಲ. ತುಪ್ಪಳದ ನುಸಿಯದ್ದೂ ಅದೇ ಕಥೆ. ಕಾವಲು ಇಲಿ ಕ್ಲೀನ್, ಪಕ್ಕದ ಪಂಜರದ ಇಲಿಗೆ ರೋಗ. ಇದು ಆಗಬಹುದಾದ ಮಾತೇ.

ಈಗ ಬೇರೆ ದಾರಿಗಳಿವೆ. ಗಾಳಿ ಹಾಯಿಸುವ ರ‍್ಯಾಕ್‌ಗಳಲ್ಲಿ ಎಲ್ಲ ಪಂಜರಗಳ ಗಾಳಿ ಒಂದೇ ಕೊಳವೆಯಲ್ಲಿ ಹೊರಹೋಗುತ್ತದೆ. ಆ ಕೊಳವೆಯ ಧೂಳನ್ನು ಸ್ವ್ಯಾಬ್‌ನಿಂದ ಒರೆಸಿ, ಅಥವಾ ಅಲ್ಲಿ ಒಂದು ಫಿಲ್ಟರ್ ಇಟ್ಟು, ಪಿಸಿಆರ್‌ಗೆ ಕಳಿಸಿದರೆ ಸಾಕು. ಕೋವಿಡ್ ಕಾಲದಲ್ಲಿ ಮೂಗಿನೊಳಗೆ ಕಡ್ಡಿ ತೂರಿಸಿ ಮಾಡುತ್ತಿದ್ದರಲ್ಲ, ಅದೇ ಪಿಸಿಆರ್. ಅಂಥ ರ‍್ಯಾಕ್ ಇಲ್ಲದ ಕಡೆ ತಾಜಾ ಹಿಕ್ಕೆ ಹೆಕ್ಕಬಹುದು, ತುಪ್ಪಳದ ಮೇಲೆ, ಬಾಯೊಳಗೆ ಸ್ವ್ಯಾಬ್ ಆಡಿಸಬಹುದು, ಹಲವು ಇಲಿಗಳ ಮಾದರಿ ಸೇರಿಸಿ ಒಂದೇ ಟೆಸ್ಟ್ ಮಾಡಬಹುದು. ರಕ್ತವೇ ಬೇಕೆಂದರೂ ಕೊಲ್ಲಬೇಕಿಲ್ಲ. 25 ಗ್ರಾಂ ತೂಗುವ ಇಲಿಯ ಮೈಯಲ್ಲಿರುವ ರಕ್ತವೇ ಹೆಚ್ಚುಕಮ್ಮಿ 2 ಎಂ.ಎಲ್. ಒಂದು ಸಲಕ್ಕೆ ಅದರ ಹತ್ತನೇ ಒಂದು ಭಾಗ ಮೀರಬಾರದು ಅನ್ನೋದು ಸಾಮಾನ್ಯ ಲೆಕ್ಕ. ಅಂದರೆ ಮೂರ್ನಾಲ್ಕು ಹನಿ. ಬಾಲ ಅಥವಾ ಕಾಲಿನ ನರದಿಂದ ಒಂದು ಹನಿ ತೆಗೆದು ಕಾಗದದ ಕಾರ್ಡ್ ಮೇಲೆ ಒಣಗಿಸಿ ಕಳಿಸಿದರೂ ಪ್ರತಿಕಾಯ ಪತ್ತೆಯಾಗುತ್ತದೆ.

ಧೂಳಿನ ಟೆಸ್ಟ್‌ಗೂ ದೋಷಗಳಿವೆ ಅನ್ನೋದನ್ನು ಮುಚ್ಚಿಡಬಾರದು. ಸತ್ತ ವೈರಸ್ಸಿನ ತುಣುಕು ಕೊಳವೆಯಲ್ಲಿ ತಿಂಗಳುಗಟ್ಟಲೆ ಉಳಿದು, ಮುಗಿದುಹೋದ ಸೋಂಕನ್ನೂ ಪಾಸಿಟಿವ್ ತೋರಿಸಬಹುದು. ಪಂಜರದ ಮಟ್ಟದಲ್ಲೇ ಗಾಳಿ ಸೋಸುವ ರ‍್ಯಾಕ್‌ಗಳಲ್ಲಿ ಧೂಳು ಕೊಳವೆಯವರೆಗೆ ಬರುವುದೇ ಇಲ್ಲ. ಪಿಸಿಆರ್ ಖರ್ಚೂ ಕಡಿಮೆಯಲ್ಲ.

ಒಂದು ಇಲಿಯ ರೋಗ ನಮಗ್ಯಾಕೆ ಅಂತೀರಾ? ಔಷಧ ಸುರಕ್ಷಿತವೋ ಅಲ್ಲವೋ ಎಂಬ ತೀರ್ಮಾನ ಅದರ ಮೇಲೂ ನಿಂತಿದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫ್ರೆಡರಿಕ್ ಕೇಂದ್ರದಲ್ಲಿ, ಯಾವ ರಾಸಾಯನಿಕವನ್ನೂ ಕೊಡದ, ಬರೀ ಹೋಲಿಕೆಗೆ ಇಟ್ಟಿದ್ದ ಇಲಿಗಳಿಗೂ ಯಕೃತ್ತಿನ ಕಾಯಿಲೆ, ಗೆಡ್ಡೆ ಕಾಣಿಸಿಕೊಂಡವು. ಹುಡುಕಿದಾಗ ಸಿಕ್ಕಿದ್ದು ಅದುವರೆಗೆ ಗೊತ್ತೇ ಇಲ್ಲದ ಬ್ಯಾಕ್ಟೀರಿಯಾ. ಹೆಲಿಕೋಬ್ಯಾಕ್ಟರ್ ಹೆಪಾಟಿಕಸ್ ಅಂತ ಅದಕ್ಕೆ ಹೆಸರಿಟ್ಟರು. ಕ್ಯಾನ್ಸರ್ ಬಂದದ್ದು ರಾಸಾಯನಿಕದಿಂದಲೋ ಸೋಂಕಿನಿಂದಲೋ ಎಂದು ಬಿಡಿಸಲಾಗದಿದ್ದರೆ ಅಂಥ ಪ್ರಯೋಗಕ್ಕೆ ಬಲಿಯಾದ ಪ್ರಾಣಿಗಳೆಲ್ಲ ವ್ಯರ್ಥ. ಅದಕ್ಕೆ ಹಾಕಿದ ಸಾರ್ವಜನಿಕ ಹಣವೂ ವ್ಯರ್ಥ.

ಇನ್ನೊಂದು ಕಾರಣ, ನನ್ನ ಪ್ರಕಾರ ಮೊದಲು ಹೇಳಬೇಕಾದದ್ದು: ಪಂಜರ ತೊಳೆಯುವವರು. ಎಲ್‌ಸಿಎಂವಿ ಎಂಬ ವೈರಸ್ ಇಲಿಗಳ ಮೂತ್ರ, ಹಿಕ್ಕೆಯಿಂದ ಮನುಷ್ಯರಿಗೆ ಬರುತ್ತದೆ. ಹುಟ್ಟುವ ಮೊದಲೇ ಸೋಂಕು ತಗುಲಿದ ಇಲಿ ನೋಡಲು ಆರೋಗ್ಯವಾಗಿಯೇ ಇರಬಹುದು, ಜೀವನಪೂರ್ತಿ ವೈರಸ್ ಹೊರಹಾಕುತ್ತಿರಬಹುದು. ಗರ್ಭಿಣಿಯರಿಗೆ ತಗುಲಿದರೆ ಭ್ರೂಣಕ್ಕೆ ಅಪಾಯ. 2012ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಇಲಿ ಸಾಕಿ ಮಾರುವ ಕೇಂದ್ರವೊಂದರ ಒಬ್ಬ ಕೆಲಸಗಾರರಿಗೆ ಮಿದುಳುಪೊರೆಯ ಉರಿಯೂತ ಬಂತು. ಆಮೇಲೆ ಸಹೋದ್ಯೋಗಿಗಳ ರಕ್ತ ಪರೀಕ್ಷಿಸಿದಾಗ ಇನ್ನೂ ಹಲವರಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ಅದಕ್ಕೂ ಮೊದಲು, 1970 ಮತ್ತು 80ರ ದಶಕಗಳಲ್ಲಿ ಜಪಾನಿನ ಸಂಶೋಧನಾ ಸಂಸ್ಥೆಗಳಲ್ಲಿ ಲ್ಯಾಬ್ ಇಲಿಗಳಿಂದ ಹಂಟಾವೈರಸ್ ಹರಡಿ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ನಮ್ಮಲ್ಲಿ ಪ್ರಾಣಿಗೃಹದ ಕೆಲಸಕ್ಕೆ ಜನರನ್ನು ಒದಗಿಸಲು ಸಂಸ್ಥೆಗಳು ಟೆಂಡರ್ ಕರೆಯುವುದು ಹೊಸದಲ್ಲ. ಹೊರಗುತ್ತಿಗೆಯಲ್ಲಿ ಬಂದು ಹಾಸು ಬದಲಿಸುವ ಹೆಣ್ಣುಮಗಳಿಗೆ ಜ್ವರ ಬಂದರೆ ಯಾವ ಡಾಕ್ಟರ್ "ನೀವು ಇಲಿಗಳ ಜೊತೆ ಕೆಲಸ ಮಾಡ್ತೀರಾ?" ಅಂತ ಕೇಳುತ್ತಾರೆ?

ಹಾಗಾದರೆ ಇಲ್ಲಿ ನೋಡುವವರು ಯಾರು? ಕೇಂದ್ರದ ಪಶುಸಂಗೋಪನಾ ಇಲಾಖೆಯ ಅಡಿ ಸಿಸಿಎಸ್‌ಇಎ ಎಂಬ ಸಮಿತಿ ಇದೆ. ಮೊದಲು ಸಿಪಿಸಿಎಸ್‌ಇಎ ಅಂತಿತ್ತು. ನಾಯಿ, ಕೋತಿಯಂಥ ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅದರ ಒಪ್ಪಿಗೆ ಬೇಕು. ಇಲಿಗಾದರೆ ಆಯಾ ಸಂಸ್ಥೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಸಾಕು. ಅದರಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ಸಿಸಿಎಸ್‌ಇಎ ನಾಮಿನಿ, ವಿಜ್ಞಾನಿಯಲ್ಲದ ಒಬ್ಬ ಸದಸ್ಯ, ಎಲ್ಲರೂ ಇರುತ್ತಾರೆ. ಮಾರ್ಗಸೂಚಿಯಲ್ಲಿ ಕ್ವಾರಂಟೈನ್, ಪಶುವೈದ್ಯರ ನಿಗಾ ಎಲ್ಲವೂ ಇದೆ. ಆದರೆ ಸಮಿತಿಯ ಗಮನವೆಲ್ಲ ಪ್ರಯೋಗ ಶುರುವಾಗುವ ಮುನ್ನ ಬರುವ ಅರ್ಜಿಯ ಮೇಲೆ. ಆಮೇಲೆ ಮೂರು ತಿಂಗಳಿಗೊಮ್ಮೆ ಯಾವ ರೋಗಕ್ಕೆ ಟೆಸ್ಟ್ ಆಯಿತು, ಏನು ಸಿಕ್ಕಿತು ಎಂಬುದು ಸಂಸ್ಥೆಯ ಗೋಡೆಯೊಳಗೇ ಉಳಿಯುತ್ತದೆ.

ಪಾಸಿಟಿವ್ ಬಂದರೆ ಇಡೀ ಕಾಲನಿಯನ್ನೇ ಕೊಂದು, ಕೋಣೆಗೆ ಹೊಗೆ ಹಾಕಿ, ಶುರುವಿನಿಂದ ಕಟ್ಟಬೇಕಾಗಬಹುದು. ಪಿಎಚ್‌ಡಿ ವಿದ್ಯಾರ್ಥಿಯ ಎರಡು ವರ್ಷ ಹೋಯಿತು, ಗ್ರಾಂಟ್ ಹೋಯಿತು. ಟೆಸ್ಟ್ ಮಾಡದಿದ್ದರೆ ಇದ್ಯಾವುದೂ ಇಲ್ಲ. ಟೆಸ್ಟ್ ಕಡಿಮೆ ಮಾಡಿ ಕೇಸ್ ಕಡಿಮೆ ತೋರಿಸುವ ವಿದ್ಯೆ ನಮಗೆ 2020ರಲ್ಲೇ ಪರಿಚಯವಾಗಿದೆ. ಇಲ್ಲಿ ಹಾಗೇ ಆಗುತ್ತಿದೆ ಅಂತ ನಾನು ಆರೋಪಿಸುತ್ತಿಲ್ಲ. ಹಾಗೆ ಆಗದಂತೆ ತಡೆಯುವ ವ್ಯವಸ್ಥೆ ಎಲ್ಲಿದೆ ಅಂತ ಕೇಳುತ್ತಿದ್ದೇನೆ. 200 ರೂಪಾಯಿ ದಂಡವೇ?

ತಮಾಷೆ ಏನೆಂದರೆ, ಈ ವಿಷಯದಲ್ಲಿ ಬೆಂಗಳೂರಿನ ಖಾಸಗಿ ಕಾಂಟ್ರ್ಯಾಕ್ಟ್ ಲ್ಯಾಬ್‌ಗಳ ಮೇಲೆ ಸರ್ಕಾರಿ ವಿಶ್ವವಿದ್ಯಾಲಯಗಳಿಗಿಂತ ಒತ್ತಡ ಹೆಚ್ಚು. ಯುರೋಪು, ಅಮೆರಿಕದ ಕಂಪನಿಗಳಿಗೆ ಕೆಲಸ ಮಾಡಬೇಕೆಂದರೆ ಜಿಎಲ್‌ಪಿ ಎಂಬ ಅಂತರರಾಷ್ಟ್ರೀಯ ನಿಯಮ ಪಾಲಿಸಬೇಕು, ಬಂದ ಪ್ರಾಣಿಯ ಆರೋಗ್ಯ ಸ್ಥಿತಿಯ ದಾಖಲೆ ಇಡಬೇಕು. ಗ್ರಾಹಕ ಕೇಳುತ್ತಾನೆ, ಲ್ಯಾಬ್ ಕೊಡುತ್ತದೆ. ನಮ್ಮ ತೆರಿಗೆ ಹಣದಲ್ಲಿ ನಡೆಯುವ ಪ್ರಾಣಿಗೃಹಗಳಲ್ಲಿ ಗ್ರಾಹಕರು ನಾವೇ. ನಾವು ಕೇಳಿಲ್ಲ.

ಸಣ್ಣ ಜಿಲ್ಲಾ ಕಾಲೇಜಿನ ಪ್ರಾಣಿಗೃಹಕ್ಕೆ ಪಿಸಿಆರ್ ಖರ್ಚು ಭಾರ ಎಂಬ ವಾದ ನಿಜ. ಹಾಗಾಗಿ ಪ್ರತಿ ಕಾಲೇಜೂ ಯಂತ್ರ ಕೊಳ್ಳಲಿ ಎನ್ನುವುದು ದಡ್ಡತನ. ಕೋವಿಡ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗೆ ಬಂದ ಆರ್‌ಟಿ-ಪಿಸಿಆರ್ ಲ್ಯಾಬ್‌ಗಳಿವೆ. ಹಿಕ್ಕೆ, ಧೂಳಿನ ಮಾದರಿಗಳನ್ನು ಅಂಥ ಒಂದೆರಡು ಕೇಂದ್ರಗಳಿಗೆ ಸರ್ಕಾರದ ಖರ್ಚಿನಲ್ಲೇ ಕಳಿಸುವ ವ್ಯವಸ್ಥೆ ಮಾಡುವುದು ದೊಡ್ಡ ಮೊತ್ತದ ಮಾತಲ್ಲ. ಪ್ರಬಂಧ ಪ್ರಕಟಿಸುವಾಗ ಪ್ರಾಣಿಗಳ ಆರೋಗ್ಯ ಸ್ಥಿತಿ ಬರೆಯಿರಿ ಎಂದು 2020ರ ಅರೈವ್ ಮಾರ್ಗಸೂಚಿ ಹೇಳುತ್ತದೆ. ಯುಜಿಸಿ, ಐಸಿಎಂಆರ್ ಗ್ರಾಂಟ್‌ಗೆ ಇದನ್ನೇ ಷರತ್ತು ಮಾಡಬಹುದು.

ಅಲ್ಲಿಯವರೆಗೆ ನೀವು ಓದುವ ವಿಶ್ವವಿದ್ಯಾಲಯ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಒಂದು ಆರ್‌ಟಿಐ ಅರ್ಜಿ ಹಾಕಬಹುದು. ಕಳೆದ ಎರಡು ವರ್ಷದಲ್ಲಿ ಪ್ರಾಣಿಗೃಹದಲ್ಲಿ ಯಾವ ಯಾವ ರೋಗಕ್ಕೆ, ಎಷ್ಟು ಸಲ ಪರೀಕ್ಷೆ ಆಗಿದೆ? ಮಾದರಿ ತೆಗೆದದ್ದು ಹೇಗೆ, ಬರೀ ಪರೀಕ್ಷೆಗಾಗಿ ಎಷ್ಟು ಇಲಿಗಳನ್ನು ಕೊಲ್ಲಲಾಗಿದೆ? ಅಲ್ಲಿ ಕೆಲಸ ಮಾಡುವವರ, ಗುತ್ತಿಗೆಯವರೂ ಸೇರಿ, ರಕ್ತ ಪರೀಕ್ಷೆ ಕೊನೆಯ ಬಾರಿ ಆದದ್ದು ಯಾವಾಗ?