ಹಳೆಯ ಯಂತ್ರ, ಉಳಿಯಬೇಕಾದ ವಿದ್ಯೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲುಗಳು ಇಂದಿಗೂ ರಸ್ತೆಯಲ್ಲಿವೆ. ಇದರ ಶ್ರೇಯಸ್ಸು ಮನೆಯ ಜಗಲಿಯಲ್ಲೋ ಹಿತ್ತಿಲಲ್ಲೋ ಸ್ಪ್ಯಾನರ್ ಹಿಡಿದು ಕುಳಿತವರಿಗೆ ಸಲ್ಲಬೇಕು. ಆ ಟೂ ಸ್ಟ್ರೋಕ್ ಎಂಜಿನಿಗೆ ವಾಲ್ವುಗಳ ಗೋಜಿಲ್ಲ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಒಂದಳತೆ ದೊಡ್ಡ ಪಿಸ್ಟನ್ ಕೂಡಿಸಿದರೆ ಗಾಡಿಗೆ ಮರುಜೀವ.

ಇಂದಿನ ಎಷ್ಟೋ ಸರಕುಗಳು ಹಾಗಿಲ್ಲ. ಬಿಡಿಭಾಗ ಕೇಳಿದರೆ 'ಹೊಸದು ಕೊಳ್ಳಿ' ಎಂಬ ಉತ್ತರ. ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣ ತೆರೆದು, ವಾಹನ, ಕೃಷಿ ಉಪಕರಣಗಳನ್ನೂ ಸೇರಿಸಿದ್ದು ಸ್ವಾಗತಾರ್ಹವೇ. ಆದರೆ ಜಾಲತಾಣದಿಂದ ಪಂಪು ತಿರುಗದು. ಪಂಪು ನಿಂತರೆ ರಾಯದುರ್ಗ ಸೀಮೆಯ ನೇಮಕಲ್ಲಿನ ರೈತನಿಗೂ, ಮಳೆಯ ಬಿಡುವಿನಲ್ಲಿ ಮದ್ದು ಬಿಡುವ ಯಂತ್ರ ಕೆಟ್ಟರೆ ನಮ್ಮ ಕಂಗಿನ ಕೃಷಿಕನಿಗೂ ಕಾದು ಕೂರಲು ಪುರುಸೊತ್ತಿಲ್ಲ.

ಬಿಡಿಭಾಗ ಒದಗಿಸುವುದನ್ನು ತಯಾರಕರಿಗೆ ಕಾನೂನಿನಿಂದಲೇ ಕಡ್ಡಾಯಗೊಳಿಸಬೇಕು. ಕೆಲಸ ಬಲ್ಲ ಹಿರಿಯರನ್ನು ಐ.ಟಿ.ಐ.ಗಳು ಕರೆಸಿ ಎಳೆಯರಿಗೆ ಕಲಿಸಲಿ. ಬಿಡಿಭಾಗವನ್ನಾದರೂ ಕಡೆದು ಮಾಡಿಸಬಹುದು. ಕೈಯ ವಿದ್ಯೆ ಕಳೆದುಹೋದರೆ ಅದನ್ನು ಯಾವ ಲೇತಿನಲ್ಲಿಯೂ ಕಡೆಯಲಾಗದು. ಸಂಬಂಧಪಟ್ಟವರು ಗಮನಿಸುವರೆಂದು ಆಶಿಸುತ್ತೇವೆ.