ದಿನದ ಊಟದ ಕೆಂಪು ವೈನ್: ಬೆಲೆಚೀಟಿಯ ಮಾತೋ, ನಾಲಿಗೆಯ ತೀರ್ಪೋ?

ಫ್ರಾನ್ಸಿನ ಕೆಂಪು ವೈನ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣೆದುರು ನಿಲ್ಲುವುದು ಬೋರ್ದೋ ಪ್ರಾಂತದ ಅರಮನೆಗಳು, ನೆಲಮಾಳಿಗೆಯಲ್ಲಿ ಧೂಳು ಹೊದ್ದು ಮಲಗಿದ ಬಾಟಲಿಗಳು, ಹರಾಜಿನಲ್ಲಿ ಕೂಗುವ ಲಕ್ಷಗಟ್ಟಲೆ ಬೆಲೆ. ಆದರೆ 1855ರಲ್ಲಿ ಸಿದ್ಧವಾದ ಬೋರ್ದೋವಿನ ಪ್ರಸಿದ್ಧ ಶ್ರೇಣಿಪಟ್ಟಿಯಲ್ಲಿ ಸ್ಥಾನ ಪಡೆದಿರುವ ಕೆಂಪು ವೈನಿನ ತೋಟಗಳು ಇಂದಿಗೂ ಕೇವಲ 61. ಆ ದೇಶದ ಸಾಮಾನ್ಯ ಸಂಸಾರಗಳು ರೊಟ್ಟಿ, ಗಿಣ್ಣು, ಬೇಯಿಸಿದ ಮಾಂಸದೊಂದಿಗೆ ಸವಿಯುವ ವೈನು ಬೇರೆಯೇ. ಹತ್ತು ಯೂರೋಗಿಂತ ಕಡಿಮೆ ಬೆಲೆಗೆ ದೊರೆಯುವ ಈ ವೈನಿನಲ್ಲಿಯೂ ಉತ್ತಮವಾದುದು ಉಂಟು. ಅದನ್ನು ಗುರುತಿಸಲು ಬೇಕಾಗಿರುವುದು ಹಣವಲ್ಲ, ಗಮನ. ಈ ಗಮನವು ಕಡಿಮೆಯಾದುದರಿಂದಲೇ ಪ್ರಾಮಾಣಿಕವಾದ ಒಂದು ಬೆಳೆ ಇಂದು ಸಂಕಟದಲ್ಲಿದೆ ಎಂಬುದು ಈ ಲೇಖನದ ವಾದ.

ಹೆಸರು ಮತ್ತು ಬೆಲೆಗಳು ನಮ್ಮ ರುಚಿಯನ್ನು ಎಷ್ಟರ ಮಟ್ಟಿಗೆ ಆಳುತ್ತವೆ ಎಂಬುದಕ್ಕೆ ಸಾಕ್ಷಿಗಳಿಗೆ ಕೊರತೆಯಿಲ್ಲ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ತಜ್ಞರು ಹೆಸರು ಕಾಣದಂತೆ ವೈನುಗಳನ್ನು ಸವಿದು ಅಂಕಗಳನ್ನು ನೀಡಿದರು. ಕೆಂಪು ವೈನುಗಳಲ್ಲಿ ಮೊದಲ ಸ್ಥಾನ ದೊರೆತದ್ದು ಬೋರ್ದೋವಿನ ಯಾವ ಮಹಾನ್ ಹೆಸರಿಗೂ ಅಲ್ಲ, ಕ್ಯಾಲಿಫೋರ್ನಿಯದ ಒಂದು ಹೊಸ ತೋಟಕ್ಕೆ. 2001ರಲ್ಲಿ ಪ್ರಕಟವಾದ ಬೋರ್ದೋವಿನ ಒಂದು ಪ್ರಯೋಗದಲ್ಲಿ ವಾಸನೆಯಿಲ್ಲದ ಬಣ್ಣ ಬೆರೆಸಿ ಕೆಂಪಾಗಿಸಿದ ಬಿಳಿ ವೈನನ್ನು ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳ ಮುಂದಿಡಲಾಯಿತು. ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಪದಗಳಿಂದಲೇ ವರ್ಣಿಸಿದರು. ಒಂದೇ ವೈನಿಗೆ ಹೆಚ್ಚಿನ ಬೆಲೆ ಹೇಳಿದಾಗ ಅದು ಹೆಚ್ಚು ಹಿತವೆನಿಸುವುದೆಂದು 2008ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಕಲಿತವರ ನಾಲಿಗೆಯನ್ನೇ ಕಣ್ಣು ಮರುಳುಗೊಳಿಸುವುದಾದರೆ ನಮ್ಮ ಪಾಡೇನು?

ಹಾಗಾದರೆ ಸಾಮಾನ್ಯ ಸಂಸಾರಕ್ಕೆ ಒಪ್ಪುವ ವೈನು ಯಾವುದು? ಮೊದಲು ಹೆಸರಿಸಬೇಕಾದುದು ರೋನ್ ನದಿಯ ದಂಡೆಯ ಕೋತ್ ದ್ಯು ರೋನ್. ಹದಿನಾಲ್ಕನೆಯ ಶತಮಾನದಲ್ಲಿ ಜಗದ್ಗುರುಗಳು ಅವಿನ್ಯೋನ್ ನಗರದಲ್ಲಿ ನೆಲೆಸಿದ್ದಾಗ ದ್ರಾಕ್ಷಿ ಕೃಷಿಗೆ ಉತ್ತೇಜನ ದೊರೆತ ಸೀಮೆಯಿದು. ಗ್ರೆನಾಷ್, ಸಿರಾ ತಳಿಗಳ ಈ ವೈನಿನಲ್ಲಿ ಮಾಗಿದ ಹಣ್ಣಿನ ಸವಿಯೂ ಕರಿಮೆಣಸಿನ ನೆನಪು ತರುವ ಕಂಪೂ ಇವೆ. ಮೆಡಿಟರೇನಿಯನ್ ಕಡಲಿನ ಮಗ್ಗುಲಲ್ಲಿರುವ ಲಾಂಗ್‌ದಾಕ್ ಸೀಮೆಯ ಕೊರ್ಬಿಯೇರ್ ಮತ್ತು ಮಿನೆರ್ವ್ವಾ ವೈನುಗಳು ತುಸು ಒರಟು, ಆದರೆ ತುಂಬು ಸ್ವಭಾವದವು. ಬೋಜೊಲೇ ಬೆಟ್ಟಗಳ ಗಮೇ ತಳಿಯ ವೈನು ಹಗುರ. ಅದನ್ನು ಸ್ವಲ್ಪ ತಣ್ಣಗೆ ಮಾಡಿ ಕುಡಿದರೆ ಹಿತ. ಇದೇ ಗಮೇ ತಳಿಯನ್ನು 1395ರಲ್ಲಿ ಬರ್ಗಂಡಿಯ ಅರಸನು ಕೀಳೆಂದು ಜರೆದು ತನ್ನ ನಾಡಿನಿಂದ ಕಿತ್ತೆಸೆಯಲು ಆಜ್ಞೆ ಮಾಡಿದ್ದನು. ಅರಸನ ತಿರಸ್ಕಾರವನ್ನು ಮೀರಿ ಅದು ಆರು ಶತಮಾನ ಬಾಳಿದೆ!

ರುಚಿ ನೋಡುವ ವಿಧಾನವೂ ಕಠಿಣವಲ್ಲ. ಎರಡು ಮೂರು ಬಾಟಲಿಗಳಿಗೆ ಕಾಗದ ಸುತ್ತಿ, ಹೆಸರು ಮರೆಮಾಡಿ, ಗಾಜಿನ ಲೋಟದಲ್ಲಿ ಮೂರನೆಯ ಒಂದು ಭಾಗ ಮಾತ್ರ ಸುರಿಯಬೇಕು. ಮೊದಲು ಮೂಸಬೇಕು: ಹಣ್ಣಿನ ಪರಿಮಳವಿದೆಯೇ, ಮುಗ್ಗಲು ವಾಸನೆಯಿದೆಯೇ? ಅನಂತರ ಒಂದು ಗುಟುಕು ಬಾಯಲ್ಲಿ ನಿಲ್ಲಿಸಿ ಹುಳಿ, ಒಗರು, ಹಣ್ಣಿನ ಸವಿ ಈ ಮೂರರ ಸಮತೋಲನವನ್ನು ಗಮನಿಸಬೇಕು. ನುಂಗಿದ ಮೇಲೆ ಸವಿ ಎಷ್ಟು ಹೊತ್ತು ಉಳಿಯಿತು ಎಂಬುದು ಕೊನೆಯ ಪರೀಕ್ಷೆ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಊಟದೊಂದಿಗೆ ಸವಿಯಬೇಕು. ಬರಿಬಾಯಿಗೆ ಒಗರೆನಿಸಿದ ವೈನು ಮಾಂಸದ ತುತ್ತಿನೊಡನೆ ಮೃದುವಾಗುವುದುಂಟು. ಊಟವನ್ನು ಮರೆತು ವೈನನ್ನು ತೂಗುವುದು ಅನ್ನವಿಲ್ಲದೆ ಸಾರಿನ ಗುಣ ಹೇಳಿದಂತೆ.

ಕಡಿಮೆ ಬೆಲೆ ಎಂದರೆ ಕಡಿಮೆ ಶ್ರಮ ಎಂದು ಭಾವಿಸಲಾಗದು. ಬೋರ್ದೋವಿನ ರೂಢಿಯ ಓಕ್ ಮರದ ಪೀಪಾಯಿ ಹಿಡಿಯುವುದು 225 ಲೀಟರ್, ಅಂದರೆ 300 ಬಾಟಲಿ. ಹೊಸ ಪೀಪಾಯಿಯೊಂದಕ್ಕೆ ನೂರಾರು ಯೂರೋ ತೆರಬೇಕಾಗಿರುವುದರಿಂದ ಅದರ ವೆಚ್ಚ ಪ್ರತಿ ಬಾಟಲಿಯ ಮೇಲೂ ಬೀಳುತ್ತದೆ. ದಿನಬಳಕೆಯ ವೈನು ಬಹುಮಟ್ಟಿಗೆ ಸಿಮೆಂಟು ಅಥವಾ ಉಕ್ಕಿನ ತೊಟ್ಟಿಗಳಲ್ಲಿ ಪಕ್ವವಾಗುತ್ತದೆ. ಆದುದರಿಂದಲೇ ಅದರಲ್ಲಿ ಮರದ ವಾಸನೆಗಿಂತ ಹಣ್ಣಿನ ಸವಿ ಮುಂದು. ಜೊತೆಗೆ ಸಹಕಾರ ತತ್ತ್ವದ ಬಲವೂ ಇದೆ. 1901ರಲ್ಲಿ ಲಾಂಗ್‌ದಾಕ್‌ನ ಮರೋಸಾನ್ ಎಂಬ ಹಳ್ಳಿಯ ಸಣ್ಣ ಬೆಳೆಗಾರರು ಒಂದುಗೂಡಿ ತಮ್ಮ ವೈನನ್ನು ತಾವೇ ಮಾರತೊಡಗಿದರು. ಆ ಹಾದಿಯಲ್ಲಿ ಹುಟ್ಟಿದ ಸಹಕಾರ ಸಂಘಗಳೇ ಇಂದಿಗೂ ಆ ಸೀಮೆಯ ಬಹುಪಾಲು ವೈನು ತಯಾರಿಸುತ್ತವೆ.

ಈ ವೈನಿನ ಮಾನಕ್ಕಾಗಿ ಜನ ಪ್ರಾಣವನ್ನೂ ತೆತ್ತಿದ್ದಾರೆ. ಕಳೆದ ಶತಮಾನದ ಆರಂಭದಲ್ಲಿ ಅತಿಯಾದ ಉತ್ಪಾದನೆಯ ಜೊತೆಗೆ ಸಕ್ಕರೆ, ನೀರು ಬೆರೆಸಿದ ಕಲಬೆರಕೆ ವೈನು ಪೇಟೆಯನ್ನು ತುಂಬಿ ಬೆಲೆ ಕುಸಿಯಿತು. 1907ರಲ್ಲಿ ಮಾರ್ಸೆಲಾನ್ ಆಲ್ಬೇರ್ ಎಂಬ ಸಣ್ಣ ಬೆಳೆಗಾರನ ಮುಂದಾಳ್ತನದಲ್ಲಿ ದಕ್ಷಿಣದ ರೈತರು ಬೀದಿಗಿಳಿದರು. ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ ಸೇರಿದವರು ಐದು ಲಕ್ಷಕ್ಕೂ ಮಿಕ್ಕಿದ್ದರೆಂದು ಅಂದಾಜು. ನಾರ್ಬೊನ್‌ನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. ಅದೇ ತಿಂಗಳ 29ರಂದು ಕಲಬೆರಕೆಯನ್ನು ತಡೆಯುವ ಕಾನೂನು ಬಂದಿತು. ಬಡವನ ಲೋಟದಲ್ಲಿರುವುದೂ ಶುದ್ಧವಾಗಿರಬೇಕೆಂಬ ಹಕ್ಕು ಹೀಗೆ ದೊರೆಯಿತು.

ಇಂದಿನ ಸಂಕಟ ಬೇರೆ ರೀತಿಯದು. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲಾ ವಾರ್ಷಿಕ ಬಳಕೆ 100 ಲೀಟರಿಗೂ ಅಧಿಕವಿತ್ತು. ಈಗ ಅದು ಅರ್ಧಕ್ಕಿಂತಲೂ ಕೆಳಗಿದೆ. 2023ರಲ್ಲಿ ಉಳಿದುಹೋದ ವೈನನ್ನು ಭಟ್ಟಿಯಿಳಿಸಿ ಮದ್ಯಸಾರವಾಗಿ ಮಾರ್ಪಡಿಸಲು 200 ದಶಲಕ್ಷ ಯೂರೋ ನೆರವು ಘೋಷಿಸಲಾಯಿತು. ಬೋರ್ದೋವಿನಲ್ಲಿ ಹೆಕ್ಟೇರಿಗೆ 6,000 ಯೂರೋ ಪರಿಹಾರ ನೀಡಿ ಸುಮಾರು 9,500 ಹೆಕ್ಟೇರು ಬಳ್ಳಿಗಳನ್ನು ಕೀಳಿಸುವ ಯೋಜನೆ ಜಾರಿಗೆ ಬಂದಿತು. ಪ್ರಸಿದ್ಧ ಅರಮನೆಗಳಿಗೆ ಇದರ ಬಿಸಿ ಅಷ್ಟಾಗಿ ತಟ್ಟದು. ಬೇರು ಕಳಚುವುದು ಹೆಸರಿಲ್ಲದ ಸಂಸಾರಗಳದು.

ಇದರರ್ಥ ಹೆಚ್ಚು ಕುಡಿಯಿರೆಂದಲ್ಲ. 1956ರವರೆಗೆ ಆ ದೇಶದ ಶಾಲೆಗಳ ಊಟದಲ್ಲಿ ಎಳೆಯ ಮಕ್ಕಳಿಗೂ ವೈನು ಸಿಗುತ್ತಿತ್ತು. ಆ ಕಾಲ ಮರಳುವುದು ಬೇಡ. ವಾರಕ್ಕೆ ಹತ್ತು ಲೋಟ, ದಿನಕ್ಕೆ ಎರಡನ್ನು ಮೀರಬಾರದು, ಕೆಲವು ದಿನಗಳನ್ನು ಬಿಡುವಾಗಿಡಬೇಕು ಎಂದು ಅಲ್ಲಿನ ಆರೋಗ್ಯ ಸಂಸ್ಥೆ 2017ರಲ್ಲಿ ಸೂಚಿಸಿತು. ಮದ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ಸಂತ ಬೆನೆಡಿಕ್ಟರೂ ತಮ್ಮ ನಿಯಮಾವಳಿಯ 40ನೆಯ ಅಧ್ಯಾಯದಲ್ಲಿ ಸನ್ಯಾಸಿಗಳಿಗೆ ಅಳತೆಯ ವೈನು ಅನುಮತಿಸಿ, ತ್ಯಜಿಸಬಲ್ಲವರನ್ನು ಮೆಚ್ಚಿದ್ದರು. ಕಾನಾ ಊರಿನ ಮದುವೆಯನ್ನು ನೆನೆಯುವವರು ಈ ಅಳತೆಯನ್ನೂ ನೆನೆಯಬೇಕು. ದಿನಬಳಕೆಯ ವೈನು ಎಂದರೆ ಆಡಂಬರವಿಲ್ಲದ ವೈನು, ದಿನವೂ ಕುಡಿಯಲೇಬೇಕಾದುದಲ್ಲ.

ನಮ್ಮ ನಾಡಿನಲ್ಲಿ ಮಾತು ಇನ್ನೂ ಬೇರೆ. ವಿದೇಶೀ ವೈನಿನ ಮೇಲೆ ಭಾರತ ದೀರ್ಘಕಾಲ ವಿಧಿಸುತ್ತ ಬಂದ ಶೇ. 150ರ ಆಮದು ಸುಂಕದಿಂದಾಗಿ ಅಲ್ಲಿ ಅಗ್ಗವಾದುದು ಇಲ್ಲಿ ಪ್ರತಿಷ್ಠೆಯ ವಸ್ತುವಾಯಿತು. ಮದುವೆಯ ಮೇಜಿನ ಮೇಲೆ ಫ್ರೆಂಚ್ ಹೆಸರನ್ನು ಮೆರೆಸುವ ಸಲುವಾಗಿ ಸಾಲ ಮಾಡುವುದು ಯಾವ ನ್ಯಾಯ? ಕ್ರಿಸ್ಮಸ್‌ಗೆ ಮನೆಯಲ್ಲೇ ಭರಣಿಯಲ್ಲಿಟ್ಟ ದ್ರಾಕ್ಷಾರಸಕ್ಕೆ ಅದಕ್ಕಿಂತ ಹೆಚ್ಚಿನ ಗೌರವವಿದೆ. ಆದರೆ ಲೂರ್ದ್ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗುವ ಕುಟುಂಬಗಳು ಅದೇ ಜಿಲ್ಲೆಯಲ್ಲಿ ಮಾದಿರಾನ್ ಎಂಬ ಹಳ್ಳಿಯೂ ಇದೆಯೆಂಬುದನ್ನು ತಿಳಿದಿರಲಿ. ಅಲ್ಲಿಯ ವೈನು ಒಗರು, ಗಟ್ಟಿ, ರೈತನ ಅಂಗೈಯಂತೆ. ಊಟದ ಹೊತ್ತಿಗೆ ಹೆಸರಾಂತ ಬಾಟಲಿಯನ್ನು ಅರಸದೆ, ನೆರೆಯ ತೋಟದ್ದನ್ನೇ ಒಂದು ಲೋಟ ಕೇಳಿ, ರೊಟ್ಟಿಯೊಡನೆ ನಿಧಾನವಾಗಿ ಸವಿಯಲಿ. ಆ ಬೆಲೆ ಬೆಳೆದವನ ಮನೆಗೆ ಸೇರುತ್ತದೆ. ಬಳ್ಳಿಯೊಂದು ಇನ್ನೊಂದು ಋತು ನಿಲ್ಲುತ್ತದೆ.